ಲಿಂಕನ್ ಗುಲಾಮರ ಒಡೆಯನ ಪರ ವಾದಿಸಿದ ಕೇಸು: ಚಾರ್ಲ್‌ಸ್ಟನ್, 1847

ಇಲಿನಾಯ್ ರಾಜ್ಯದ ಕೋಲ್ಸ್ ಕೌಂಟಿಯಲ್ಲಿ ಚಾರ್ಲ್‌ಸ್ಟನ್ ಎಂಬ ಸಣ್ಣ ಊರು. 1847ರ ಅಕ್ಟೋಬರ್ 16ರಂದು ಅಲ್ಲಿನ ಕೋರ್ಟಿನ ಮುಂದಿದ್ದ ಪ್ರಶ್ನೆ ಒಂದೇ. ಜೇನ್ ಬ್ರಯಂಟ್ ಎಂಬ ಕಪ್ಪು ಹೆಂಗಸು, ಅವಳ ನಾಲ್ಕು ಮಕ್ಕಳು ಸ್ವತಂತ್ರರೋ, ಇಲ್ಲ ಕೆಂಟಕಿಯ ರಾಬರ್ಟ್ ಮ್ಯಾಟ್ಸನ್‌ನ ಆಸ್ತಿಯೋ? ಆಸ್ತಿಯೇ, ಅವನಿಗೆ ವಾಪಸ್ ಕೊಡಿ ಎಂದು ವಾದಿಸಿದ ಇಬ್ಬರು ವಕೀಲರಲ್ಲಿ ಒಬ್ಬನ ಹೆಸರು ಅಬ್ರಹಾಂ ಲಿಂಕನ್.

ಹೌದು, ಅದೇ ಲಿಂಕನ್. 1863ರ ಜನವರಿ 1ರಂದು ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದವನು. ಲಿಂಕನ್ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ಮರದ ಗುಡಿಸಲು, ಬೆಂಕಿಯ ಬೆಳಕಲ್ಲಿ ಓದು, ಪ್ರಾಮಾಣಿಕ ವಕೀಲ, ಆಮೇಲೆ ಸೀದಾ ಅಧ್ಯಕ್ಷ, ಅಷ್ಟೇ. ನಡುವಿನ ಇಪ್ಪತ್ತೈದು ವರ್ಷ ಅವನು ಏನು ಮಾಡಿಕೊಂಡಿದ್ದ ಎನ್ನುವುದು ಬರುವುದೇ ಕಡಿಮೆ. ಅವನು ಕೇಸು ನಡೆಸಿಕೊಂಡಿದ್ದ. ಐದು ಸಾವಿರಕ್ಕೂ ಜಾಸ್ತಿ ಕೇಸುಗಳು. ಬಹುಪಾಲು ಸಾಲ ವಸೂಲಿ, ಜಮೀನಿನ ತಕರಾರು. ಅವುಗಳ ನಡುವೆ ಈ ಒಂದು ಕೇಸು ಮುಳ್ಳಿನ ಹಾಗೆ ಕೂತಿದೆ. ಇದನ್ನು ಬಿಡಿಸಿ ನೋಡಿದರೆ ಅಂದಿನ ಗಡಿನಾಡಿನ ವಕೀಲ ಹೇಗೆ ಬದುಕುತ್ತಿದ್ದ ಅನ್ನುವುದೂ ಕಾಣುತ್ತದೆ, ಲಿಂಕನ್ ಆ ಹೊತ್ತಿಗೆ ಎಲ್ಲಿದ್ದ ಅನ್ನುವುದೂ ಕಾಣುತ್ತದೆ.

ನಡೆದದ್ದು ಏನು

ಮ್ಯಾಟ್ಸನ್ ಕೆಂಟಕಿಯ ಬೋರ್ಬನ್ ಕೌಂಟಿಯವನು. ಅಲ್ಲಿ ಗುಲಾಮಗಿರಿ ಕಾನೂನುಬದ್ಧ. 1843ರ ಸುಮಾರಿಗೆ ಅವನು ಇಲಿನಾಯ್‌ನ ಕೋಲ್ಸ್ ಕೌಂಟಿಯಲ್ಲಿ ಜಮೀನು ಕೊಂಡ. ಇಲ್ಲಿ ಗುಲಾಮಗಿರಿ ನಿಷೇಧ. ಆದರೆ ಕೆಲಸಕ್ಕೆ ಆಳು ಬೇಕಲ್ಲ. ಪ್ರತಿ ವರ್ಷ ಬಿತ್ತನೆ ಹೊತ್ತಿಗೆ ಕೆಂಟಕಿಯಿಂದ ತನ್ನ ಗುಲಾಮರನ್ನು ಕರೆತರುತ್ತಿದ್ದ. ಸುಗ್ಗಿ ಮುಗಿದ ಮೇಲೆ ವಾಪಸ್ ಕಳಿಸಿ, ಮರುವರ್ಷ ಬೇರೆಯವರನ್ನು ತರುತ್ತಿದ್ದ. ಪ್ರತಿ ಸಲ ಬಂದಾಗಲೂ ಒಬ್ಬ ಸಾಕ್ಷಿಯ ಎದುರು ಘೋಷಣೆ ಮಾಡುತ್ತಿದ್ದನಂತೆ: ಇವರನ್ನು ಇಲ್ಲಿ ನೆಲೆ ನಿಲ್ಲಿಸುವ ಉದ್ದೇಶ ನನಗಿಲ್ಲ, ಇದು ತಾತ್ಕಾಲಿಕ. ನಮ್ಮ ಊರುಗಳಲ್ಲಿ ಮನೆ ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಬರೆಸಿ, ಮತ್ತೆ ಮತ್ತೆ ಹೊಸದು ಮಾಡಿಕೊಳ್ಳುತ್ತಾರಲ್ಲ, ಆ ಜಾತಿಯ ಜಾಣತನ. ಕಾಗದದ ಮೇಲೆ ಎಲ್ಲ ಸರಿ.

ಆಂಥೊನಿ ಬ್ರಯಂಟ್ ಈ ಸುತ್ತಿನಿಂದ ಹೊರಗಿದ್ದ. ಅವನು ಜಮೀನಿನ ಮೇಸ್ತ್ರಿ. ಉಳಿದವರ ಹಾಗೆ ವಾಪಸ್ ಹೋಗದೆ ವರ್ಷವಿಡೀ ಇಲಿನಾಯ್‌ನಲ್ಲೇ ಇದ್ದದ್ದರಿಂದ ಅವನು ಸ್ವತಂತ್ರನಾಗಿದ್ದಾನೆ ಎನ್ನುವುದನ್ನು ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದರು. 1845ರಲ್ಲಿ ಮ್ಯಾಟ್ಸನ್ ಅವನ ಹೆಂಡತಿ ಜೇನ್‌ಳನ್ನೂ ಮಕ್ಕಳನ್ನೂ ಕರೆತಂದ. ಅವರನ್ನು ಆ ಸುಗ್ಗಿಗೆ ವಾಪಸ್ ಕಳಿಸಲಿಲ್ಲ. ಎರಡು ವರ್ಷ ಕಳೆಯಿತು.

1847ರಲ್ಲಿ ಮ್ಯಾಟ್ಸನ್‌ನ ಮನೆ ನೋಡಿಕೊಳ್ಳುತ್ತಿದ್ದ ಬಿಳಿಯ ಹೆಂಗಸಿಗೂ ಜೇನ್‌ಗೂ ಜಗಳವಾಯಿತು. ನಿನ್ನನ್ನೂ ನಿನ್ನ ಮಕ್ಕಳನ್ನೂ ದಕ್ಷಿಣದ ಹತ್ತಿ ಹೊಲಗಳಿಗೆ ಮಾರಿಸುತ್ತೇನೆ ಎಂದು ಆಕೆ ಬೆದರಿಸಿದಳು. ಆ ಕಾಲದಲ್ಲಿ ಇದು ಸುಮ್ನೆ ಬಾಯಿಮಾತಲ್ಲ. ಕೆಂಟಕಿಯಿಂದ ಕೆಳಗಿನ ರಾಜ್ಯಗಳಿಗೆ ಮಾರಾಟವಾದ ಕುಟುಂಬಗಳು ಮತ್ತೆ ಒಂದಾಗುತ್ತಿದ್ದದ್ದು ಅಪರೂಪ. ಆಂಥೊನಿ ಕಾಯಲಿಲ್ಲ. ರಾತ್ರಿಯೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಈಗ ಓಕ್‌ಲ್ಯಾಂಡ್ ಎನ್ನುವ ಹತ್ತಿರದ ಊರಿಗೆ ಹೋದ. ಅಲ್ಲಿ ಗಿಡಿಯನ್ ಆಶ್‌ಮೋರ್ ಎಂಬವನು ಹೋಟೆಲು ನಡೆಸುತ್ತಿದ್ದ. ಹೈರಮ್ ರದರ್‌ಫರ್ಡ್ ಎಂಬ ಡಾಕ್ಟರ್ ಇದ್ದ. ಇಬ್ಬರೂ ಗುಲಾಮಗಿರಿ ವಿರೋಧಿಗಳು. ಇಬ್ಬರೂ ಬ್ರಯಂಟ್ ಕುಟುಂಬಕ್ಕೆ ಆಸರೆ ಕೊಟ್ಟರು.

ಈ ಕೇಸಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಲಿಂಕನ್ ಬರುವವರೆಗೂ ಕಾಯುತ್ತಾರೆ. ನನಗೆ ಮಾತ್ರ ಇಡೀ ಪ್ರಕರಣದ ಅತಿ ದೊಡ್ಡ ನಿರ್ಧಾರ ಆ ರಾತ್ರಿಯದ್ದು ಅನ್ನಿಸುತ್ತದೆ. ಸ್ವತಂತ್ರನಾಗಿದ್ದ ಆಂಥೊನಿ ತನ್ನ ಪಾಡಿಗೆ ತಾನು ಇರಬಹುದಿತ್ತು. ಅವನು ಹೊರಟಿದ್ದರಿಂದಲೇ ಕೇಸು ಹುಟ್ಟಿತು.

ಮ್ಯಾಟ್ಸನ್ ಮೊದಲು ಮಾತುಕತೆ ಆಡಿ ನೋಡಿದ. ಆಗಲಿಲ್ಲ. ಆಮೇಲೆ ಸ್ಥಳೀಯ ಮ್ಯಾಜಿಸ್ಟ್ರೇಟ್ ವಿಲಿಯಂ ಗಿಲ್ಮನ್ ಬಳಿ ದೂರು ಕೊಟ್ಟ. ಜನ ಕಿಕ್ಕಿರಿದು ಸೇರಿದರು. ಗಿಲ್ಮನ್‌ಗೆ ಇಕ್ಕಟ್ಟಾಯಿತು. ಇವರು ಸ್ವತಂತ್ರರೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ತನಗಿಲ್ಲ ಎಂದ. ಹಾಗೆಂದು ಬಿಟ್ಟೂ ಕಳಿಸಲಿಲ್ಲ. ಇವರ ಬಳಿ ಸ್ವಾತಂತ್ರ್ಯದ ಪತ್ರ ಇಲ್ಲ ಎಂಬ ಕಾರಣಕ್ಕೆ ಜೇನ್ ಮತ್ತು ಮಕ್ಕಳನ್ನು ಚಾರ್ಲ್‌ಸ್ಟನ್ ಜೈಲಿಗೆ ಕಳಿಸಿದ. ಸುಮಾರು ಎರಡು ತಿಂಗಳು ಅವರು ಅಲ್ಲೇ ಇದ್ದರು. ಯಾವ ಅಪರಾಧಕ್ಕೆ? ಪತ್ರ ಇಲ್ಲದ್ದಕ್ಕೆ.

ಮ್ಯಾಟ್ಸನ್ ಅಲ್ಲಿಗೇ ನಿಲ್ಲಲಿಲ್ಲ. ರದರ್‌ಫರ್ಡ್ ಮತ್ತು ಆಶ್‌ಮೋರ್ ಮೇಲೆ ನಷ್ಟ ಪರಿಹಾರದ ದಾವೆ ಹಾಕಿದ. ತಲೆಗೆ 500 ಡಾಲರ್, ಐದು ಜನಕ್ಕೆ 2,500 ಡಾಲರ್. ಐದು ಹತ್ತು ಡಾಲರ್ ಫೀಸಿಗೆ ವಕೀಲರು ಕೇಸು ನಡೆಸುತ್ತಿದ್ದ ಕಾಲ ಅದು. ಆಶ್‌ಮೋರ್ ಕಡೆಯವರು ಸುಮ್ಮನಿರದೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಜೈಲಿನಲ್ಲಿರುವವರನ್ನು ಯಾವ ಕಾನೂನಿನ ಮೇಲೆ ಇಟ್ಟಿದ್ದೀರಿ, ತೋರಿಸಿ ಎನ್ನುವ ಅರ್ಜಿ. ವಿಚಾರಣೆಯ ದಿನ ಬಂದಾಗ ಲಿಂಕನ್ ಊರಿನಲ್ಲಿದ್ದ.

ಕುದುರೆಯ ಮೇಲಿನ ಕೋರ್ಟು

ಸ್ಪ್ರಿಂಗ್‌ಫೀಲ್ಡ್‌ನ ವಕೀಲ ಸುಮಾರು 130 ಕಿಲೋಮೀಟರ್ ದೂರದ ಚಾರ್ಲ್‌ಸ್ಟನ್‌ನಲ್ಲಿ ಏನು ಮಾಡುತ್ತಿದ್ದ? ಇದು ಅರ್ಥವಾಗಬೇಕಾದರೆ ಆಗಿನ ಕೋರ್ಟು ಹೇಗಿತ್ತು ಅಂತ ನೋಡಬೇಕು.

ಇಲಿನಾಯ್ 1818ರಲ್ಲಷ್ಟೇ ರಾಜ್ಯವಾಗಿತ್ತು. ಊರುಗಳು ದೂರ ದೂರ. ಪ್ರತಿ ಊರಿಗೂ ಒಬ್ಬ ದೊಡ್ಡ ನ್ಯಾಯಾಧೀಶನನ್ನು ಕೂರಿಸುವಷ್ಟು ಕೇಸೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಕೋರ್ಟೇ ಊರೂರು ತಿರುಗುತ್ತಿತ್ತು. 1841ರಿಂದ ಈಚೆಗೆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೇ ಒಂದೊಂದು ಸರ್ಕಿಟ್, ಅಂದರೆ ಒಂದಷ್ಟು ಕೌಂಟಿಗಳ ಸುತ್ತು, ಹಂಚಿಕೊಂಡು ಹೊರಡುತ್ತಿದ್ದರು. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ. ಅವರ ಹಿಂದೆ ವಕೀಲರ ಗುಂಪು, ಕುದುರೆಯ ಮೇಲೋ ಬಗ್ಗಿಯಲ್ಲೋ. ಕೆಸರು ದಾರಿ, ಸೇತುವೆ ಇಲ್ಲದ ಹೊಳೆ. ಸಂಜೆ ಯಾವುದಾದರೂ ಹೋಟೆಲಿನಲ್ಲಿ ಒಂದೇ ಹಾಸಿಗೆಯಲ್ಲಿ ಇಬ್ಬರು. ಬೆಳಗ್ಗೆ ಕೋರ್ಟಿನಲ್ಲಿ ಎದುರೆದುರು ನಿಂತು ಕೂಗಾಡಿದ ವಕೀಲರು ರಾತ್ರಿ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು.

ಕಕ್ಷಿದಾರರು ಸಿಗುತ್ತಿದ್ದದ್ದೂ ಹಾಗೆಯೇ. ವಕೀಲ ಊರಿಗೆ ಬಂದು ಕುದುರೆ ಇಳಿಯುತ್ತಿದ್ದಂತೆ ಜನ ಬಂದು ಹಿಡಿಯುತ್ತಿದ್ದರು. ಸ್ಥಳೀಯ ವಕೀಲರು ತಮ್ಮ ದೊಡ್ಡ ಕೇಸಿಗೆ ಹೊರಗಿನ ಒಬ್ಬ ಹೆಸರುವಾಸಿಯನ್ನು ಜೊತೆಗೆ ಹಾಕಿಕೊಳ್ಳುತ್ತಿದ್ದರು. ಕಾಗದಪತ್ರ ಓದಲು ಸಿಗುತ್ತಿದ್ದದ್ದು ಕೆಲವೇ ಗಂಟೆ. ಯಾರು ಮೊದಲು ಬಂದು ಕೇಳಿದರೋ ಅವರ ಪರ. ಇದು ನಿಯಮ ಅಲ್ಲ, ರೂಢಿ.

ಇನ್ನೊಂದು ಸಂಗತಿ. ಕೋರ್ಟಿನ ವಾರ ಎಂದರೆ ಊರಿಗೆ ಜಾತ್ರೆ. ರೈತರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ವಾದ ಕೇಳುವುದು ಅವರಿಗೆ ಪುಕ್ಕಟೆ ಮನರಂಜನೆ. ಸಂಜೆ ಅದೇ ವಕೀಲರು ರಾಜಕೀಯ ಭಾಷಣ ಮಾಡುತ್ತಿದ್ದರು. ವಕೀಲಿಕೆ ಬೇರೆ, ರಾಜಕೀಯ ಬೇರೆ ಎನ್ನುವ ಗೆರೆಯೇ ಇರಲಿಲ್ಲ. ಹೆಸರು ಮಾಡುವುದು ಕೋರ್ಟಿನಲ್ಲಿ, ಓಟು ಪಡೆಯುವುದು ಅದೇ ಜನರಿಂದ.

ಲಿಂಕನ್ ಈ ಎರಡೂ ದಾರಿಯಲ್ಲಿ ಬಂದವನು. 1834ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದ. ಕಾನೂನು ಓದಿದ್ದು ಆಮೇಲೆ, ತನ್ನಷ್ಟಕ್ಕೆ ತಾನೇ. 1837ರಲ್ಲಿ ವಕೀಲನಾಗಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದ. 1846ರ ಆಗಸ್ಟ್‌ನಲ್ಲಿ ಪೀಟರ್ ಕಾರ್ಟ್‌ರೈಟ್ ಎಂಬ ಮೆಥಡಿಸ್ಟ್ ಬೋಧಕನನ್ನು ಸೋಲಿಸಿ ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದ. ಆ ಕಾಂಗ್ರೆಸ್ ಸೇರುವುದು 1847ರ ಡಿಸೆಂಬರ್‌ನಲ್ಲಿ. ಅಂದರೆ ಮ್ಯಾಟ್ಸನ್ ಕೇಸು ನಡೆದಾಗ ಅವನು ಗೆದ್ದು ಕೂತಿದ್ದ, ಅಧಿಕಾರ ಇನ್ನೂ ಹಿಡಿದಿರಲಿಲ್ಲ. ವಿಚಾರಣೆ ಮುಗಿದ ಹತ್ತೇ ದಿನದೊಳಗೆ ಹೆಂಡತಿ ಮಕ್ಕಳ ಜೊತೆ ವಾಷಿಂಗ್ಟನ್ ದಾರಿ ಹಿಡಿದ. ಚಾರ್ಲ್‌ಸ್ಟನ್‌ಗೆ ಅವನು ಬರುತ್ತಿದ್ದುದಕ್ಕೆ ಮನೆಯ ಕಾರಣವೂ ಇತ್ತು. ಅವನ ಅಪ್ಪ ಥಾಮಸ್, ಮಲತಾಯಿ ಸಾರಾ ಅದೇ ಕೌಂಟಿಯಲ್ಲಿ, ಊರಿಂದ ಹದಿಮೂರು ಕಿಲೋಮೀಟರ್ ಆಚೆ ಇದ್ದರು.

ಉಳಿದ ವಕೀಲರನ್ನೂ ನೋಡಿ. ಲಿಂಕನ್ ಜೊತೆ ಮ್ಯಾಟ್ಸನ್ ಪರ ಇದ್ದವನು ಅಷರ್ ಲಿಂಡರ್, ಹಿಂದೆ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವನು. ಬ್ರಯಂಟ್ ಕುಟುಂಬದ ಪರ ಆರ್ಲಾಂಡೊ ಫಿಕ್ಲಿನ್, ಆ ಹೊತ್ತಿಗೆ ಕಾಂಗ್ರೆಸ್ ಸದಸ್ಯ. ಅವನ ಜೊತೆ ಚಾರ್ಲ್ಸ್ ಕಾನ್‌ಸ್ಟೆಬಲ್. (ಹೆಸರು ಮಾತ್ರ ಕಾನ್‌ಸ್ಟೆಬಲ್, ಪೊಲೀಸ್ ಅಲ್ಲ.) ಫಿಕ್ಲಿನ್ ಡೆಮಾಕ್ರಟಿಕ್ ಪಕ್ಷದವನು. ದಕ್ಷಿಣದ ಗುಲಾಮ ಒಡೆಯರ ಜೊತೆ ಕೈಜೋಡಿಸಿದ್ದ ಪಕ್ಷ ಅದು. ಅವನು ಹುಟ್ಟಿದ್ದೂ ಕೆಂಟಕಿಯಲ್ಲೇ. ಲಿಂಡರ್ ಹುಟ್ಟಿದ್ದು ಕೆಂಟಕಿಯಲ್ಲಿ ಲಿಂಕನ್ ಹುಟ್ಟಿದ ಅದೇ ಕೌಂಟಿಯಲ್ಲಿ, ಅದೇ 1809ರಲ್ಲಿ. ಹಾಗಾಗಿ ಹುಟ್ಟಿದ ಊರು, ಪಕ್ಷ ನೋಡಿ ಯಾರು ಯಾವ ಕಡೆ ಎಂದು ಊಹಿಸಿದರೆ ಕೈಕೊಡುತ್ತದೆ.

ರದರ್‌ಫರ್ಡ್ ಹೇಳಿದ್ದು

ಡಾಕ್ಟರ್ ರದರ್‌ಫರ್ಡ್‌ಗೆ ಲಿಂಕನ್ ಪರಿಚಯ ಇತ್ತು. ಗುಲಾಮಗಿರಿಯ ವಿಚಾರದಲ್ಲಿ ಇವನು ನಮ್ಮ ಕಡೆಯವನು ಎಂಬ ನಂಬಿಕೆಯೂ ಇತ್ತು. 2,500 ಡಾಲರ್ ದಾವೆ ತಲೆ ಮೇಲೆ ಬಂದಾಗ ಅವನು ನೇರ ಲಿಂಕನ್‌ನನ್ನು ಹುಡುಕಿಕೊಂಡು ಹೋದ. ಮುಂದಿನದ್ದು ಅವನು ಮುದುಕನಾದ ಮೇಲೆ ಹೇಳಿದ ಕತೆ.

ಲಿಂಕನ್ ಹೋಟೆಲಿನ ಜಗಲಿಯಲ್ಲಿ ಕುರ್ಚಿ ಹಿಂದಕ್ಕೆ ವಾಲಿಸಿಕೊಂಡು ಜನರಿಗೆ ಕತೆ ಹೇಳುತ್ತಿದ್ದ. ರದರ್‌ಫರ್ಡ್ ಅವನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದ. ಲಿಂಕನ್‌ನ ಮುಖ ಬಾಡಿತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮ್ಯಾಟ್ಸನ್ ಕಡೆಯವರು ಆಗಲೇ ನನ್ನ ಜೊತೆ ಮಾತಾಡಿದ್ದಾರೆ, ಅವರು ಬಿಡುಗಡೆ ಮಾಡದೆ ನಿನ್ನ ಕೇಸು ಹಿಡಿಯಲು ಆಗುವುದಿಲ್ಲ ಎಂದ. ರದರ್‌ಫರ್ಡ್‌ಗೆ ಸಿಟ್ಟು ಬಂತು, ಅದನ್ನು ಮುಚ್ಚಿಡಲೂ ಇಲ್ಲ. ಕೆಲವು ಗಂಟೆಗಳ ಬಳಿಕ ಲಿಂಕನ್ ಹೇಳಿ ಕಳಿಸಿದ: ಅವರ ಜೊತೆ ಮಾತಾಡುತ್ತಿದ್ದೇನೆ, ಬಿಡಿಸಿಕೊಳ್ಳಬಹುದು. ಮತ್ತೆ ಹೇಳಿ ಕಳಿಸಿದ: ಈಗ ನಿನ್ನ ಪರ ನಿಲ್ಲಬಲ್ಲೆ. ಅಷ್ಟರಲ್ಲಿ ರದರ್‌ಫರ್ಡ್ ಕಾನ್‌ಸ್ಟೆಬಲ್‌ನನ್ನು ಗೊತ್ತು ಮಾಡಿಕೊಂಡಿದ್ದ. ಬೇಡ ಎಂದುಬಿಟ್ಟ.

ಈ ಕತೆಯನ್ನು ಎಷ್ಟು ನಂಬಬೇಕು? ಇದನ್ನು ರದರ್‌ಫರ್ಡ್ ಹೇಳಿದ್ದು ಸುಮಾರು ನಲವತ್ತೈದು ವರ್ಷಗಳ ನಂತರ. ಅಷ್ಟರಲ್ಲಿ ಲಿಂಕನ್ ಹುತಾತ್ಮನಾಗಿ, ದೇವರ ಸಾಲಿಗೆ ಸೇರಿದ್ದ. ಹಳೆಯ ಸಿಟ್ಟನ್ನು ಮೆತ್ತಗೆ ಮಾಡುವುದು ಸಹಜ ಅಲ್ವಾ? ಆದರೂ ನಾನು ಇದನ್ನು ತಳ್ಳಿಹಾಕುವುದಿಲ್ಲ. ಕಾರಣ, ಇದು ಲಿಂಕನ್‌ನನ್ನು ಪೂರ್ತಿ ಕಾಪಾಡುವುದಿಲ್ಲ. ಬರೀ ಹೊಗಳುವ ಇರಾದೆ ಇದ್ದಿದ್ದರೆ, ಲಿಂಕನ್ ಬರಲು ಒಪ್ಪಿದ್ದ, ನಾನೇ ಬೇಡ ಎಂದೆ ಎನ್ನುವಲ್ಲಿಗೆ ಕತೆ ಮುಗಿಯುತ್ತಿತ್ತು. ಆದರೆ ಮುಂದಿನ ಭಾಗ ಎಲ್ಲರಿಗೂ ಗೊತ್ತು. ಬಿಡಿಸಿಕೊಳ್ಳಬಹುದು ಎಂದವನು ರದರ್‌ಫರ್ಡ್ ಬೇಡ ಎಂದ ಮೇಲೆ ಸುಮ್ಮನೆ ಮನೆಗೆ ಹೋಗಲಿಲ್ಲ. ಮ್ಯಾಟ್ಸನ್ ಪರವಾಗಿಯೇ ಕೋರ್ಟಿಗೆ ನಿಂತ.

ಕಾನೂನು ಏನು ಹೇಳುತ್ತಿತ್ತು

ಇಲಿನಾಯ್ ಗುಲಾಮಗಿರಿ ಇಲ್ಲದ ಸ್ವತಂತ್ರ ರಾಜ್ಯ ಎನ್ನುತ್ತೇವೆ. ಕಾಗದದ ಮೇಲೆ ನಿಜ. ಓಹಾಯೊ ನದಿಯ ಉತ್ತರಕ್ಕೆ ಗುಲಾಮಗಿರಿ ಇರಕೂಡದು ಎಂದು 1787ರ ವಾಯವ್ಯ ಪ್ರದೇಶದ ಕಾನೂನು ಹೇಳಿತ್ತು. 1818ರ ರಾಜ್ಯ ಸಂವಿಧಾನವೂ ಹೊಸದಾಗಿ ಗುಲಾಮಗಿರಿ ತರುವುದನ್ನು ತಡೆದಿತ್ತು. ಅದೇ ರಾಜ್ಯದಲ್ಲಿ ಕಪ್ಪು ಜನರ ವಿರುದ್ಧದ ಕಾನೂನುಗಳೂ ಇದ್ದವು. ಸ್ವತಂತ್ರ ಎಂದು ತೋರಿಸುವ ಪತ್ರ ಇಲ್ಲದ ಕಪ್ಪು ವ್ಯಕ್ತಿಯನ್ನು ಓಡಿಬಂದ ಗುಲಾಮ ಎಂದು ಹಿಡಿಯಬಹುದಿತ್ತು. ಬಿಳಿಯರ ವಿರುದ್ಧ ಕಪ್ಪು ಜನ ಸಾಕ್ಷಿ ಹೇಳುವಂತಿರಲಿಲ್ಲ. ಎರಡು ವರ್ಷ ನಾವು ಇಲ್ಲೇ ಇದ್ದೆವು ಎಂದು ಮ್ಯಾಟ್ಸನ್‌ನ ಎದುರು ಹೇಳಲು ಸರಿಯಾದ ಸಾಕ್ಷಿಗಳೆಂದರೆ ಜೇನ್ ಮತ್ತು ಆಂಥೊನಿ. ಅವರ ಬಾಯನ್ನೇ ಕಾನೂನು ಕಟ್ಟಿಹಾಕಿತ್ತು. ಗಿಲ್ಮನ್ ಅವರನ್ನು ಜೈಲಿಗೆ ಕಳಿಸಿದ್ದೂ ಇಂಥ ಕಾನೂನಿನ ಬಲದಲ್ಲೇ.

ಓಡಿಹೋದ ಗುಲಾಮರ ಬಗೆಗಿನ 1793ರ ಕೇಂದ್ರ ಕಾನೂನು ಮ್ಯಾಟ್ಸನ್‌ಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದು ಒಂದು ರಾಜ್ಯದಿಂದ ಇನ್ನೊಂದಕ್ಕೆ ತಪ್ಪಿಸಿಕೊಂಡು ಓಡಿದವರಿಗೆ. ಜೇನ್ ಕೆಂಟಕಿಯಿಂದ ಓಡಿಬಂದವಳಲ್ಲ. ಒಡೆಯನೇ ಕರೆತಂದವನು.

ಹಾಗಾದರೆ ಉಳಿದ ದಾರಿ ಯಾವುದು? 1843ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ವಿಲ್ಲರ್ಡ್ ಕೇಸಿನಲ್ಲಿ, ಗುಲಾಮರ ಜೊತೆ ರಾಜ್ಯದ ಮೂಲಕ ಹಾದುಹೋಗುವ ಹಕ್ಕು ಒಡೆಯನಿಗೆ ಇದೆ ಎಂದಿತ್ತು. ಹಾದುಹೋದ ಮಾತ್ರಕ್ಕೆ ಗುಲಾಮ ಸ್ವತಂತ್ರನಾಗುವುದಿಲ್ಲ. ಲಿಂಕನ್ ಹಿಡಿದದ್ದು ಈ ಎಳೆಯನ್ನೇ. ಇವರು ಇಲ್ಲಿ ನೆಲೆಸಿದವರಲ್ಲ, ಸುಗ್ಗಿ ಕೆಲಸಕ್ಕೆ ಬಂದು ಹೋಗುವವರು. ಒಡೆಯನ ಉದ್ದೇಶ ತಾತ್ಕಾಲಿಕ, ಅದನ್ನು ಅವನು ಸಾಕ್ಷಿಯ ಎದುರೇ ಹೇಳಿದ್ದಾನೆ. ಹಾಗಾಗಿ ಇಲಿನಾಯ್‌ನ ಸ್ವಾತಂತ್ರ್ಯ ಇವರಿಗೆ ಅಂಟುವುದಿಲ್ಲ.

ಲಿಂಡರ್ ಇನ್ನೂ ಮುಂದೆ ಹೋದ. ಗುಲಾಮ ಆಸ್ತಿ, ಆಸ್ತಿಯನ್ನು ಅಮೆರಿಕದ ಸಂವಿಧಾನ ಎಲ್ಲ ಕಡೆ ಕಾಯುತ್ತದೆ ಎನ್ನುವ ಧಾಟಿ ಅವನದು. ಲಿಂಕನ್ ಆ ಹೊಂಡಕ್ಕೆ ಇಳಿಯಲಿಲ್ಲ. ಇವರನ್ನು ಕಾಯಂ ಆಗಿ ಇಲ್ಲಿ ಇರಿಸಿದ್ದರೆ ಸ್ವತಂತ್ರರೇ ಹೌದು ಎಂದು ಒಪ್ಪಿಕೊಂಡ. ಫಿಕ್ಲಿನ್ ಮುಂದೆ 1885ರಲ್ಲಿ ಇದನ್ನು ನೆನಪು ಮಾಡಿಕೊಂಡು ಬರೆದಿದ್ದಾನೆ.

ಈ ಒಪ್ಪಿಗೆಯನ್ನು ಹಿಡಿದುಕೊಂಡು, ನೋಡಿ, ಲಿಂಕನ್ ಬೇಕೆಂದೇ ಕೇಸು ಸೋತ ಎನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಆ ಮಾತು ಕಾನೂನಿನಲ್ಲಿ ಇದ್ದೇ ಇತ್ತು, ಲಿಂಕನ್ ಒಪ್ಪದಿದ್ದರೂ ನ್ಯಾಯಾಧೀಶರಿಗೆ ಗೊತ್ತಿತ್ತು. ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿ, ಇಡೀ ಕೇಸನ್ನು ತನಗೆ ಬೇಕಾದ ಒಂದೇ ಬಿಂದುವಿಗೆ ತಂದು ನಿಲ್ಲಿಸುವುದು ಅವನ ಮಾಮೂಲು ಪಟ್ಟು. ಜ್ಯೂರಿ ಮುಂದೆ ಆರು ವಿಷಯ ಬಿಟ್ಟುಕೊಟ್ಟು ಏಳನೆಯದರಲ್ಲಿ ಗೆಲ್ಲುವವನು ಎಂಬ ಹೆಸರೇ ಇತ್ತು ಅವನಿಗೆ. ಇಲ್ಲೂ ಅದನ್ನೇ ಮಾಡಿದ. ವಿಲ್ಲರ್ಡ್ ಕೇಸಿನ ಬಲದ ಮೇಲೆ ಒಡೆಯನ ಪರ ಆಡಬಹುದಾದ ಅತಿ ಗಟ್ಟಿ ವಾದ ಅದೇ ಆಗಿತ್ತು. ಕೇಸು ಸೋಲಬೇಕೆಂದಿದ್ದರೆ ಲಿಂಡರ್‌ನ ಹಾಗೆ ಅತಿರೇಕದ ವಾದ ಮಾಡುವುದೇ ಸುಲಭ.

ಆದರೆ ಬಿಂದು ದುರ್ಬಲ. ಉದ್ದೇಶ ಒಂದು ಕಡೆ, ನಡೆದದ್ದು ಇನ್ನೊಂದು ಕಡೆ. ಮ್ಯಾಟ್ಸನ್ ಏನೇ ಘೋಷಿಸಿರಲಿ, ಜೇನ್ ಎರಡು ವರ್ಷ ಕೆಂಟಕಿಗೆ ಹೋಗಿರಲಿಲ್ಲ. ಹಾದುಹೋಗುವವರು ಎರಡು ವರ್ಷ ಉಳಿಯುತ್ತಾರೆಯೇ?

ಕೋಲ್ಸ್ ಕೌಂಟಿ ಇದ್ದದ್ದು ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ವಿಲಿಯಂ ವಿಲ್ಸನ್‌ನ ಸರ್ಕಿಟ್‌ನಲ್ಲಿ. ಕೇಸು ದೊಡ್ಡದು ಎಂದು ಅವನು ಪಕ್ಕದ ಸರ್ಕಿಟ್‌ನ ಸ್ಯಾಮ್ಯುಯೆಲ್ ಟ್ರೀಟ್‌ನನ್ನೂ ಜೊತೆಗೆ ಕೂರಿಸಿಕೊಂಡ. ವಿಲ್ಸನ್ ವರ್ಜೀನಿಯಾದವನು, ಗುಲಾಮಗಿರಿಯ ನಡುವೆ ಬೆಳೆದವನು. ತೀರ್ಪು ನೇರವಾಗಿತ್ತು. ಒಡೆಯ ತಾನಾಗಿ ಕರೆತಂದು ಇಲಿನಾಯ್‌ನಲ್ಲಿ ನೆಲೆ ನಿಲ್ಲಿಸಿದ್ದಾನೆ, ಜೇನ್ ಮತ್ತು ಅವಳ ಮಕ್ಕಳು ಸ್ವತಂತ್ರರು, ಇನ್ನು ಯಾರಿಗೂ ಅವರ ಮೇಲೆ ಹಕ್ಕಿಲ್ಲ. ಮ್ಯಾಟ್ಸನ್ ಕೆಂಟಕಿಗೆ ಕಾಲ್ತೆಗೆದ. ಡಾಕ್ಟರ್ ಮೇಲಿನ 2,500 ಡಾಲರ್ ದಾವೆಗೆ ನಿಲ್ಲಲು ನೆಲವೇ ಉಳಿಯಲಿಲ್ಲ. ಲಿಂಕನ್‌ನ ಫೀಸು ಕೊಡದೆಯೇ ಹೋದ ಎಂದು ಆ ಊರಿನವರು ಹೇಳಿಕೊಂಡು ಬಂದರು.

ಯಾಕೆ ಹಿಡಿದ?

ಸಾಮಾನ್ಯವಾಗಿ ಕೊಡುವ ಉತ್ತರ ವೃತ್ತಿಧರ್ಮ. ವಕೀಲ ಕಕ್ಷಿದಾರನ ನಡತೆ ನೋಡಿ ಕೇಸು ಹಿಡಿಯುವುದಿಲ್ಲ, ಯಾರಿಗಾದರೂ ವಾದಿಸುವವರು ಬೇಕಲ್ಲ. ಈ ಮಾತು ಕೊಲೆ ಆರೋಪಿಗೆ ಸರಿ. ಮ್ಯಾಟ್ಸನ್ ಆರೋಪಿ ಅಲ್ಲ. ಜೈಲಿನಲ್ಲಿದ್ದದ್ದು ಅವನಲ್ಲ. ಅವನಿಗೆ ಲಿಂಡರ್ ಆಗಲೇ ಇದ್ದ. ಬಂದ ಕೇಸನ್ನು ಹಿಡಿಯಲೇಬೇಕು ಎಂಬ ಕಟ್ಟುಪಾಡು ಇಲಿನಾಯ್ ವಕೀಲರಿಗೆ ಇರಲಿಲ್ಲ. ಬೇಡ ಎನ್ನುವ ಅವಕಾಶ ಲಿಂಕನ್‌ಗೆ ಮೊದಲ ದಿನವೇ ಇತ್ತು.

ದುಡ್ಡು? ಇರಬಹುದು. ಆದರೆ ಫೀಸಿಗೋಸ್ಕರ ಏನು ಬೇಕಾದರೂ ಮಾಡುವವನು ಅವನಾಗಿರಲಿಲ್ಲ.

ನನ್ನ ಓದು ಹೀಗಿದೆ. 1847ರ ಲಿಂಕನ್‌ಗೆ ಗುಲಾಮಗಿರಿ ಕೆಟ್ಟದ್ದು ಎಂದು ಗೊತ್ತಿತ್ತು. ಹತ್ತು ವರ್ಷ ಮುಂಚೆ, 1837ರಲ್ಲೇ, ಶಾಸನಸಭೆಯಲ್ಲಿ ಡ್ಯಾನ್ ಸ್ಟೋನ್ ಜೊತೆ ಸೇರಿ ಗುಲಾಮಗಿರಿ ಅನ್ಯಾಯ ಎಂದು ಬರೆದುಕೊಟ್ಟಿದ್ದ. ಆದರೆ ಅದೇ ಪತ್ರದಲ್ಲಿ, ಅದನ್ನು ಕಿತ್ತುಹಾಕಬೇಕು ಎನ್ನುವವರ ಬೋಧನೆ ಕೇಡನ್ನು ಹೆಚ್ಚು ಮಾಡುತ್ತದೆ ಎಂದೂ ಹೇಳಿದ್ದ. ಅನ್ಯಾಯ ಹೌದು, ಕಾನೂನು ಏನು ಹೇಳುತ್ತದೋ ಅದು ಮೊದಲು ಎನ್ನುವ ನಿಲುವು. ಈ ನಿಲುವಿನವನಿಗೆ ಜೇನ್ ಬ್ರಯಂಟ್‌ಳ ಕೇಸು ನೆಲೆಸುವುದು ಎಂದರೇನು ಎಂಬ ಕಾನೂನಿನ ಪ್ರಶ್ನೆಯಾಗಿ ಕಂಡಿರಬೇಕು. ಪ್ರಶ್ನೆ ಚೆನ್ನಾಗಿತ್ತು, ಉತ್ತರ ಇನ್ನೂ ಖಚಿತವಾಗಿರಲಿಲ್ಲ. ಒಳ್ಳೆಯ ವಕೀಲರಿಗೆ ಅಂಥ ಪ್ರಶ್ನೆಯ ಮೇಲೆ ಆಸೆ ಜಾಸ್ತಿ.

ಅವನೇ ಇದರ ಎದುರು ಬದಿಯಲ್ಲೂ ನಿಂತಿದ್ದ. 1841ರಲ್ಲಿ ಬೇಲಿ ಮತ್ತು ಕ್ರಾಮ್‌ವೆಲ್ ನಡುವಿನ ಕೇಸು. ನ್ಯಾನ್ಸ್ ಎಂಬ ಕಪ್ಪು ಯುವತಿಯನ್ನು ಕೊಳ್ಳಲು ಬೇಲಿ ಪ್ರಾಮಿಸರಿ ನೋಟು ಬರೆದುಕೊಟ್ಟಿದ್ದ, ಹಣ ಕೊಡಲಿಲ್ಲ. ಲಿಂಕನ್ ಬೇಲಿಯ ವಕೀಲ. ಇಲಿನಾಯ್‌ನಲ್ಲಿ ಪ್ರತಿಯೊಬ್ಬರೂ, ಬಣ್ಣ ಯಾವುದೇ ಇರಲಿ, ಸ್ವತಂತ್ರರೆಂದೇ ಕಾನೂನು ಭಾವಿಸುತ್ತದೆ. ಸ್ವತಂತ್ರ ವ್ಯಕ್ತಿಯನ್ನು ಮಾರುವುದು ನಡೆಯದು ಎಂದು ಸುಪ್ರೀಂ ಕೋರ್ಟು ಒಪ್ಪಿತು. ನ್ಯಾನ್ಸ್ ಬಿಡುಗಡೆಯಾದಳು. ಇದನ್ನು ಲಿಂಕನ್‌ನ ಮೊದಲ ವಿಮೋಚನೆ ಎಂದು ಕೆಲವರು ಸಂಭ್ರಮದಿಂದ ಬರೆಯುತ್ತಾರೆ. ಸ್ವಲ್ಪ ತಡೆಯಿರಿ. ಅಲ್ಲಿ ಅವನ ಕಕ್ಷಿದಾರ ನ್ಯಾನ್ಸ್ ಅಲ್ಲ, ನೋಟಿನ ಹಣ ಕೊಡಲು ಒಪ್ಪದ ಬೇಲಿ. ಆರು ವರ್ಷದ ಬಳಿಕ ಚಾರ್ಲ್‌ಸ್ಟನ್‌ನಲ್ಲಿ ಕಕ್ಷಿದಾರ ಬೇರೆ, ವಾದ ಬೇರೆ. ಎರಡೂ ಕಡೆ ಲಿಂಕನ್ ತನ್ನ ಕಕ್ಷಿದಾರನ ಕೆಲಸ ಮಾಡಿದ. 1841ರದ್ದನ್ನು ಹೃದಯದಿಂದ ಬಂದದ್ದು, 1847ರದ್ದನ್ನು ವೃತ್ತಿಯಿಂದ ಬಂದದ್ದು ಎಂದು ನಮಗೆ ಬೇಕಾದ ಹಾಗೆ ಹಂಚುವುದು ಸರಿಯಲ್ಲ.

ಒಂದು ಮಾತು ಅವನ ಪರವಾಗಿಯೂ ಹೇಳಬೇಕು. 1845ರಲ್ಲಿ, ಓಡಿಬಂದ ಗುಲಾಮನಿಗೆ ಆಸರೆ ಕೊಟ್ಟ ಆರೋಪ ಹೊತ್ತ ಮಾರ್ವಿನ್ ಪಾಂಡ್ ಎಂಬವನ ಪರ ವಾದಿಸಿ ಗೆಲ್ಲಿಸಿದ್ದ. ಒಡೆಯನ ಪರ ನಿಂತದ್ದು ಅವನ ರೂಢಿ ಅಲ್ಲ. ಅದಕ್ಕೇ ಈ ಕೇಸು ಇಷ್ಟು ಚುಚ್ಚುವುದು.

ಆಮೇಲೆ

ಬ್ರಯಂಟ್ ಕುಟುಂಬ ಗೆದ್ದಿತು, ನಿಜ. ಆದರೆ ಇಲಿನಾಯ್‌ನಲ್ಲಿ ಕಪ್ಪು ಕುಟುಂಬ ನೆಮ್ಮದಿಯಾಗಿ ಬದುಕುವ ಹಾಗೆ ಕಾನೂನು ಇರಲಿಲ್ಲ. 1848ರ ಹೊಸ ರಾಜ್ಯ ಸಂವಿಧಾನದಲ್ಲಿ ಸ್ವತಂತ್ರ ಕಪ್ಪು ಜನ ರಾಜ್ಯಕ್ಕೆ ಬರುವುದನ್ನೇ ತಡೆಯುವ ಮಾತು ಸೇರಿತು. ಹಿತೈಷಿಗಳು ಚಂದಾ ಎತ್ತಿ ಬ್ರಯಂಟ್ ಕುಟುಂಬವನ್ನು ಆಫ್ರಿಕದ ಲೈಬೀರಿಯಕ್ಕೆ ಕಳಿಸಿದರು. ಸ್ವತಂತ್ರ ಕಪ್ಪು ಜನರನ್ನು ಸಾಗರದಾಚೆ ಕಳಿಸಿದರೆ ಸಮಸ್ಯೆ ಮುಗಿಯುತ್ತದೆ ಎಂದು ನಂಬಿದ್ದ ಸಜ್ಜನರು ಆಗ ತುಂಬಾ ಇದ್ದರು. 1848ರಲ್ಲಿ ಅಲ್ಲಿನ ಸ್ಥಿತಿ ನೋಡಲು ಇಲಿನಾಯ್‌ನ ಕಪ್ಪು ಬ್ಯಾಪ್ಟಿಸ್ಟರ ಪರವಾಗಿ ಹೋದ ಪಾದ್ರಿ ಬಾಲ್‌ಗೆ ಆಂಥೊನಿ ಸಿಕ್ಕ. ಕುಟುಂಬ ಕಷ್ಟದಲ್ಲಿತ್ತು. ನಮ್ಮನ್ನು ವಾಪಸ್ ಕರೆದುಕೊಂಡು ಹೋಗಿ ಎಂದು ಕೇಳಿಕೊಂಡನಂತೆ.

1854ರ ಅಕ್ಟೋಬರ್ 16. ಚಾರ್ಲ್‌ಸ್ಟನ್ ವಿಚಾರಣೆಗೆ ಸರಿಯಾಗಿ ಏಳು ವರ್ಷ. ಇಲಿನಾಯ್‌ನ ಪಿಯೋರಿಯ ಊರಿನಲ್ಲಿ ಲಿಂಕನ್ ಗುಲಾಮಗಿರಿಯ ವಿರುದ್ಧ ತನ್ನ ಮೊದಲ ದೊಡ್ಡ ಭಾಷಣ ಮಾಡಿದ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡುವುದನ್ನು ಅವನು ಖಂಡಿಸಿದ ರೀತಿ ಇಂದಿಗೂ ಬಿಸಿಯಾಗಿದೆ. ಅದೇ ಭಾಷಣದಲ್ಲಿ, ಎಲ್ಲ ಅಧಿಕಾರ ಕೈಗೆ ಕೊಟ್ಟರೂ ಇರುವ ಗುಲಾಮಗಿರಿಯನ್ನು ಏನು ಮಾಡಬೇಕೆಂದು ನನಗೆ ತಿಳಿಯದು ಎಂದ. ಮನಸ್ಸಿಗೆ ಮೊದಲು ಬರುವುದು ಎಲ್ಲರನ್ನೂ ಬಿಡಿಸಿ ಲೈಬೀರಿಯಕ್ಕೆ ಕಳಿಸುವುದು ಎಂದ. ಒಂದೇ ದಿನ ಎಲ್ಲರನ್ನೂ ಅಲ್ಲಿ ಇಳಿಸಿದರೆ ಹತ್ತು ದಿನದಲ್ಲಿ ಸಾಯುತ್ತಾರೆ ಎಂದೂ ಸೇರಿಸಿದ.

1858ರ ಸೆಪ್ಟೆಂಬರ್ 18ರಂದು ಅವನು ಮತ್ತೆ ಚಾರ್ಲ್‌ಸ್ಟನ್‌ಗೆ ಬಂದ. ಈಗ ಸೆನೆಟ್ ಚುನಾವಣೆ, ಎದುರಾಳಿ ಸ್ಟೀಫನ್ ಡಗ್ಲಾಸ್. ಇಬ್ಬರ ನಡುವಿನ ಏಳು ಬಹಿರಂಗ ಚರ್ಚೆಗಳಲ್ಲಿ ನಾಲ್ಕನೆಯದು. ಬಿಳಿಯರು ಕರಿಯರು ಸಾಮಾಜಿಕವಾಗಿ, ರಾಜಕೀಯವಾಗಿ ಸಮಾನರಾಗಬೇಕು ಎಂದು ನಾನು ಹೇಳುವವನಲ್ಲ ಎಂಬ ಮಾತನ್ನು ಲಿಂಕನ್ ಹೇಳಿದ್ದು ಈ ಊರಿನಲ್ಲೇ. ವೇದಿಕೆಯ ಮೇಲೆ ಫಿಕ್ಲಿನ್ ಕೂಡ ಇದ್ದ, ಡಗ್ಲಾಸ್ ಕಡೆ. ಮೆಕ್ಸಿಕೊ ಯುದ್ಧದ ಹೊತ್ತಿನಲ್ಲಿ ಲಿಂಕನ್ ಕಾಂಗ್ರೆಸ್‌ನಲ್ಲಿ ಸೈನಿಕರ ಸಾಮಗ್ರಿಗೆ ಅಡ್ಡಗಾಲು ಹಾಕಿದ ಎಂಬ ಆರೋಪ ಬಂದಾಗ ಲಿಂಕನ್ ಸೀದಾ ಹೋಗಿ ಫಿಕ್ಲಿನ್‌ನನ್ನು ಎಳೆದು ತಂದು ಮುಂದೆ ನಿಲ್ಲಿಸಿದ: ಇವನೂ ಆಗ ಅಲ್ಲೇ ಇದ್ದ, ನಿಜ ಹೇಳಲಿ. ಜನ ನಕ್ಕರು. ಫಿಕ್ಲಿನ್ ಜಾಣ. ಯುದ್ಧವನ್ನು ಅಧ್ಯಕ್ಷ ಅನಾವಶ್ಯಕವಾಗಿ ಶುರು ಮಾಡಿದ ಎನ್ನುವ ನಿರ್ಣಯಕ್ಕೆ ಲಿಂಕನ್ ಓಟು ಹಾಕಿದ್ದು ನೆನಪಿದೆ ಎಂದಷ್ಟೇ ಹೇಳಿ ಹಿಂದೆ ಸರಿದ.

ಅದೇ ಊರಿನಲ್ಲಿ ಎದುರು ಬದುರಾಗಿದ್ದ ಇಬ್ಬರು ವಕೀಲರು ಒಂದೇ ವೇದಿಕೆಯಲ್ಲಿದ್ದರೂ ಆ ದಿನದ ಚರ್ಚೆಯಲ್ಲಿ ಮ್ಯಾಟ್ಸನ್ ಹೆಸರು ಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಲಿಂಕನ್ ಕಪ್ಪು ಜನರ ಪಕ್ಷಪಾತಿ ಎನ್ನುವುದೇ ಡಗ್ಲಾಸ್‌ನ ಪ್ರಚಾರದ ಬಂಡವಾಳ. ಅವನು ಒಡೆಯನ ಪರವೂ ವಾದಿಸಿದ್ದ ಎಂದು ತೆಗೆದರೆ ಆ ಬಂಡವಾಳ ಕರಗುತ್ತಿತ್ತು. ಲಿಂಕನ್‌ಗಂತೂ ರಿಪಬ್ಲಿಕನ್ ಪಕ್ಷದ ಗುಲಾಮಗಿರಿ ವಿರೋಧಿಗಳ ಮುಂದೆ ಅದನ್ನು ನೆನಪಿಸುವ ಅಗತ್ಯ ಇರಲಿಲ್ಲ. ಫಿಕ್ಲಿನ್ ಗೆದ್ದಿದ್ದೇನೋ ಹೌದು, ಆದರೆ ಡಗ್ಲಾಸ್‌ನ ಪಕ್ಷದಲ್ಲಿ ನಿಂತು ಗುಲಾಮರನ್ನು ಬಿಡಿಸಿದೆ ಎಂದು ಹೇಳಿಕೊಂಡು ಓಟು ಕೇಳುವ ಹಾಗಿರಲಿಲ್ಲ. ಹೀಗೆ ಯಾರಿಗೂ ಲಾಭವಿಲ್ಲದ ಕೇಸು ಅದು. ಲಿಂಕನ್ ಸತ್ತು ಇಪ್ಪತ್ತು ವರ್ಷ ಕಳೆದ ಮೇಲೆ ಫಿಕ್ಲಿನ್ ಬರೆದ, ಆಮೇಲೆ ರದರ್‌ಫರ್ಡ್ ಮಾತಾಡಿದ. ಈಗ ನಮಗೆ ಆ ದಿನದ ವಾದದ ಬಗ್ಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಬಂದಿರುವುದು ಈ ಇಬ್ಬರಿಂದಲೇ, ಅಂದರೆ ಲಿಂಕನ್‌ನ ಎದುರು ಕಡೆ ನಿಂತು ಗೆದ್ದವರಿಂದ.